ರಬ್ಬರ್ ಕಾಲು ಕಿತ್ತ ಮೇಲೆ ನನ್ನದಾದ ಮರದ ಬೋರ್ಡು

ಮರದ ಚಾಪಿಂಗ್ ಬೋರ್ಡ್ ಕೊಳ್ಳಲು ಹೊರಟಿದ್ದರೆ ಮೇಲಿನ ಹೊಳಪನ್ನು ಆಮೇಲೆ ನೋಡಿ, ಮೊದಲು ಮಗುಚಿ ತಳ ನೋಡಿ. ನಾಲ್ಕು ಮೂಲೆಗೆ ಸ್ಕ್ರೂ ಹಾಕಿ ಕೂರಿಸಿದ ರಬ್ಬರ್ ಕಾಲುಗಳಿದ್ದರೆ ಅದು ಬೇಡ, ಬೇರೆಯದು ಹುಡುಕಿ. ನನ್ನ ಬೋರ್ಡಿನ ಮರ ಒಳ್ಳೆಯದು, ದಪ್ಪ ಇದೆ, ಭಾರವಾಗಿ ಕೂರುತ್ತದೆ. ಹಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ನನ್ನ ದೂರೆಲ್ಲ ಆ ನಾಲ್ಕು ರಬ್ಬರ್ ತುಂಡುಗಳ ಮೇಲೆಯೇ.

ಕಾಲು ಯಾಕೆ ಇಡುತ್ತಾರೆ ಅಂತ ಅರ್ಥವಾಗುತ್ತದೆ. ಹೆಚ್ಚುವಾಗ ಬೋರ್ಡು ಜಾರಬಾರದು, ಅಡಿಯಲ್ಲಿ ಗಾಳಿ ಆಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಕಾಲಿರುವ ಬೋರ್ಡನ್ನು ತಿರುಗಿಸಿ ಬಳಸುವಂತಿಲ್ಲ. ಚಾಕು, ನೀರು, ಉಜ್ಜುವಿಕೆ ಎಲ್ಲ ದಿನವೂ ಒಂದೇ ಮುಖಕ್ಕೆ. ಮರ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಅಲ್ಲ, ಎಳೆಗಳಿಗೆ ಅಡ್ಡಲಾಗಿ. ಎರಡೂ ಮುಖ ಒಟ್ಟಿಗೆ ನೆನೆದು ಒಟ್ಟಿಗೆ ಒಣಗಿದರೆ ಏನೂ ಆಗಲ್ಲ. ಒಂದು ಮುಖ ಮಾತ್ರ ಮತ್ತೆ ಮತ್ತೆ ನೆನೆದರೆ ಹಲಗೆ ಸೊಟ್ಟಗಾಗುತ್ತದೆ. ನನ್ನದಕ್ಕೂ ಅದೇ ಆಯಿತು. ಮೂರು ಕಾಲು ಕಟ್ಟೆಯ ಮೇಲೆ, ನಾಲ್ಕನೆಯದು ಮಾತ್ರ ಗಾಳಿಯಲ್ಲಿ. ಈರುಳ್ಳಿ ಹೆಚ್ಚಲು ಕೂತರೆ ಪ್ರತಿ ಏಟಿಗೂ ಟಕ್ ಟಕ್. ಚಾಕು ಕೈಯಲ್ಲಿರುವಾಗ ಅಡಿಯ ಹಲಗೆ ಅಲ್ಲಾಡುವುದು ಕಿರಿಕಿರಿ ಮಾತ್ರವಲ್ಲ, ಅಪಾಯ ಕೂಡ.

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಕಾಲಿನ ಸ್ಕ್ರೂ ಬಿಚ್ಚಿ ರಬ್ಬರ್ ಎತ್ತಿದೆ. ಅಡಿಯಲ್ಲಿ ಉಂಗುರದಂತೆ ಕಪ್ಪು ಕಲೆ, ಮಧ್ಯೆ ಲೋಳೆ, ಮೂಗು ಹತ್ತಿರ ತಂದರೆ ಬೂಷ್ಟಿನ ವಾಸನೆ. ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರಕ್ಕೆ ಬಣ್ಣ ಬಿಟ್ಟಿತ್ತು. ತೊಳೆದಾಗಲೆಲ್ಲ ರಬ್ಬರಿನ ಅಡಿಗೆ ನೀರು ನುಗ್ಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಮೇಲಿನ ಮುಖವನ್ನು ಎಷ್ಟು ಉಜ್ಜಿದರೇನು ಬಂತು? ನಾಲ್ಕನ್ನೂ ಅವತ್ತೇ ಕಿತ್ತು ಎಸೆದೆ.

ಬೋರ್ಡನ್ನು ನೆಟ್ಟಗೆ ನಿಲ್ಲಿಸಿ ಚೆನ್ನಾಗಿ ಒಣಗಲು ಬಿಟ್ಟೆ. ತೂತುಗಳಿಗೆ ಬಡಗಿಯಿಂದ ಮರದ ಬಿರಡೆ ಹಾಕಿಸಿದೆ. ನಡು ತಗ್ಗಾಗಿದ್ದ ಮುಖವನ್ನು ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕಿ ರಾತ್ರಿಯಿಡೀ ಬಿಟ್ಟರೆ ಆ ಮುಖ ನೀರು ಹೀರಿ ಹಿಗ್ಗುತ್ತದೆ, ಬಾಗು ಬಹಳಷ್ಟು ಇಳಿಯುತ್ತದೆ. ಉಳಿದದ್ದನ್ನು ಸ್ಯಾಂಡ್ ಪೇಪರ್ ನೋಡಿಕೊಂಡಿತು: ಮೊದಲು ಒರಟಾದ 80 ನಂಬರಿನದು, ಆಮೇಲೆ 120, ಕೊನೆಗೆ ನುಣುಪಾದ 220. ನಡುವೆ ಒಮ್ಮೆ ನೀರು ಸವರಿ ಒಣಗಿಸಬೇಕು. ಆಗ ಮಲಗಿದ್ದ ಎಳೆಗಳು ಮುಳ್ಳಿನ ಹಾಗೆ ಏಳುತ್ತವೆ, ಅವನ್ನು ಉಜ್ಜಿ ತೆಗೆದರೆ ಮುಂದೆ ತೊಳೆದಾಗ ಮೇಲ್ಮೈ ಒರಟಾಗಲ್ಲ.

ಆಮೇಲಿಂದ ಈ ಬೋರ್ಡಿನ ಮೇಲೆ ನನಗೆ ಒಂದು ದೂರೂ ಇಲ್ಲ. ಈಗ ಎರಡೂ ಮುಖ ನನ್ನವು. ಒಂದು ಬದಿ ಈರುಳ್ಳಿ, ಬೆಳ್ಳುಳ್ಳಿಗೆ. ಇನ್ನೊಂದು ಬದಿ ಹಣ್ಣಿಗೆ. ಹಣ್ಣಿನ ಬದಿಯ ಅಂಚಿನಲ್ಲಿ ಸಣ್ಣದೊಂದು ಗೀಟು ಹಾಕಿಟ್ಟಿದ್ದೇನೆ, ಗೊಂದಲ ಆಗಬಾರದಲ್ವಾ. ಜಾರದಿರಲು ಅಡಿಯಲ್ಲಿ ಹಿಂಡಿದ ಒದ್ದೆ ಬಟ್ಟೆ ಹಾಸಿದರೆ ಸಾಕು, ರಬ್ಬರ್ ಕಾಲಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೆಚ್ಚಿ ಮುಗಿದ ಕೂಡಲೇ ಬಟ್ಟೆ ತೆಗೆದುಬಿಡಬೇಕು ಅಷ್ಟೇ.

ತೊಳೆಯುವ ಕೆಲಸ ನನಗೆ ನಿಜವಾಗಿಯೂ ಇಷ್ಟ. ಹೆಚ್ಚಿದ್ದು ಬಾಣಲೆಗೆ ಹೋದ ಕೂಡಲೇ ಬಿಸಿನೀರು, ಪಾತ್ರೆ ಸೋಪು, ಎಳೆಯ ಉದ್ದಕ್ಕೆ ಬ್ರಷ್. ಎರಡೂ ಮುಖ, ನಾಲ್ಕೂ ಅಂಚು. ಬಳಸದ ಮುಖಕ್ಕೂ ನೀರು ತಾಗಿಸುತ್ತೇನೆ, ಕಾರಣ ಮೇಲೆ ಹೇಳಿದ್ದೇ. ಸಿಂಕಿನಲ್ಲಿ ನೆನೆಹಾಕುವ ಮಾತೇ ಇಲ್ಲ. ಒಣಬಟ್ಟೆಯಲ್ಲಿ ಒರೆಸಿ ಎಳೆಗಳು ಮೇಲಿಂದ ಕೆಳಕ್ಕೆ ಬರುವ ಹಾಗೆ ಅಂಚಿನ ಮೇಲೆ ನಿಲ್ಲಿಸುತ್ತೇನೆ. ಗೋಡೆಗೆ ಒರಗಿಸಿದರೂ ಎರಡೂ ಕಡೆ ಗಾಳಿ ಆಡುವಷ್ಟು ಜಾಗ ಬೇಕು. ಬೆಳ್ಳುಳ್ಳಿ ವಾಸನೆ ಹಿಡಿದ ದಿನ ಕಲ್ಲುಪ್ಪು ಉದುರಿಸಿ ಅರ್ಧ ನಿಂಬೆಹಣ್ಣಿನಿಂದ ಉಜ್ಜುತ್ತೇನೆ. ಉಪ್ಪು ತಿಕ್ಕುತ್ತದೆ, ಹುಳಿ ವಾಸನೆ ಕಡಿಮೆ ಮಾಡುತ್ತದೆ. ಐದು ನಿಮಿಷ ಬಿಟ್ಟು ತೊಳೆದರೆ ಮರದ ವಾಸನೆಯೇ ವಾಪಸ್ ಬರುತ್ತದೆ. ಆದರೆ ಇದು ಕೀಟಾಣು ಕೊಲ್ಲುವ ಮದ್ದಲ್ಲ.

ಹಸಿ ಮಾಂಸಕ್ಕೆ ಬೇರೆ ಬೋರ್ಡೇ ಇರಲಿ, ಇದರಲ್ಲಿ ರಾಜಿ ಬೇಡ. ಅದನ್ನು ಸೋಪಿನಲ್ಲಿ ತೊಳೆದ ಮೇಲೆ ಬ್ಲೀಚ್ ನೀರು ಹಾಕಬೇಕು. ಅಮೆರಿಕದ ಕೃಷಿ ಇಲಾಖೆ ಹೇಳುವ ಅಳತೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ವಾಸನೆ ಸೇರಿಸದ ಬ್ಲೀಚ್. ಕೆಲವು ನಿಮಿಷ ಬಿಟ್ಟು ತೊಳೆದು ಒಣಗಿಸುವುದು.

ಮರ ಅಂದ್ರೆ ಗಲೀಜು, ಪ್ಲಾಸ್ಟಿಕ್ಕೇ ಶುದ್ಧ ಅಂತ ಇನ್ನೂ ಬಹಳ ಜನ ನಂಬಿದ್ದಾರೆ. ಡೀನ್ ಕ್ಲೈವರ್ ಎಂಬ ಅಮೆರಿಕದ ಆಹಾರ ಸೂಕ್ಷ್ಮಜೀವಿ ತಜ್ಞ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಕ್ಕೆ ಇಳಿಯುತ್ತವೆ, ಅಲ್ಲಿ ಹೆಚ್ಚಾಗುವುದಿಲ್ಲ, ಕ್ರಮೇಣ ಸಾಯುತ್ತವೆ ಎಂದು ಕಂಡರು. ಹೊಸ ಪ್ಲಾಸ್ಟಿಕ್ ಬೋರ್ಡನ್ನು ತೊಳೆಯುವುದು ಸುಲಭ. ಚಾಕುವಿನ ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಪೂರ್ತಿ ಶುದ್ಧ ಮಾಡುವುದು ಕಷ್ಟ, ಅದರಲ್ಲೂ ಕೋಳಿಯ ಕೊಬ್ಬು ಅಂಟಿದ್ದರೆ. ಹಾಗಂತ ಮರವನ್ನು ತೊಳೆಯದೇ ಬಿಡಬಹುದು ಅಂತಲ್ಲ. ಆದರೆ ಗೀರು ಜಾಸ್ತಿಯಾದರೆ ಮರವನ್ನು ಉಜ್ಜಿ ಹೊಸದು ಮಾಡಬಹುದು, ಪ್ಲಾಸ್ಟಿಕ್ಕನ್ನು ಎಸೆಯಬೇಕು. ನನ್ನ ಬಜೆಟ್ಟಿಗೆ ಇದೇ ದೊಡ್ಡ ಲೆಕ್ಕ.

ಎಣ್ಣೆಯ ವಿಷಯ. ಬೋರ್ಡಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಮುತ್ತಿನಂತೆ ನಿಂತರೆ ಏನೂ ಮಾಡಬೇಕಿಲ್ಲ. ಹರಡಿ ಇಂಗಿದರೆ ಎಣ್ಣೆ ಬೇಕು. ತಿನ್ನುವ ವಸ್ತುಗಳಿಗೆ ತಾಗಿದರೂ ಪರವಾಗಿಲ್ಲ ಅಂತ ಬರೆದಿರುವ ಫುಡ್ ಗ್ರೇಡ್ ಮಿನರಲ್ ಆಯಿಲ್ ಮಾತ್ರ ತೆಗೆದುಕೊಳ್ಳಿ. ಅಡುಗೆ ಎಣ್ಣೆ ಬೇಡ, ಅದು ಗಾಳಿಗೆ ಕೆಟ್ಟು ಅಂಟಾಗಿ ಕಮಟು ಹೊಡೆಯುತ್ತದೆ. ಮಲಗುವ ಮುಂಚೆ ಧಾರಾಳವಾಗಿ ಸವರಿ ನಿಲ್ಲಿಸುತ್ತೇನೆ, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸುತ್ತೇನೆ. ಎರಡು ಮುಖಗಳಿಗಿಂತ ಎಳೆಗಳು ಕೊನೆಯಾಗುವ ಎರಡು ಅಂಚುಗಳೇ ಜಾಸ್ತಿ ಕುಡಿಯುತ್ತವೆ. ಎಳೆಗಳ ಬಾಯಿ ತೆರೆದುಕೊಂಡಿರುವುದು ಅಲ್ಲಿಯೇ, ನೀರೂ ಅಲ್ಲಿಂದಲೇ ಹೊಗುತ್ತದೆ, ಬಿರುಕೂ ಅಲ್ಲಿಂದಲೇ ಶುರು.

ಆ ಎಣ್ಣೆ ಬಟ್ಟೆಯಲ್ಲಿ ಉಳಿದದ್ದು ಚಾಕುವಿನ ಹಿಡಿಗೆ. ಅದೂ ಮರದ್ದೇ. ಚಾಕುವಿನ ಗಲೀಜು ಅಲಗಿನಲ್ಲಿ ಇರುವುದಿಲ್ಲ, ಅಲಗು ಹಿಡಿಗೆ ಸೇರುವ ಸಂದಿಯಲ್ಲಿ ಮತ್ತು ಹಿಡಿಯ ಮೊಳೆಗಳ ಸುತ್ತ ಇರುತ್ತದೆ. ಹಳೆಯ ಟೂತ್ ಬ್ರಷ್ಷಿನಿಂದ ಅಲ್ಲಿ ಉಜ್ಜಿ, ಬರುವ ಕಂದು ನೀರು ನೋಡಿ. ಅಲಗನ್ನು ಒರೆಸುವಾಗ ಬಟ್ಟೆ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹೋಗಬೇಕು, ಬೆರಳು ಉಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕೇ ಬರಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುವುದರಿಂದ ಮೇಲೆ ತೆಳುವಾದ ಪದರ ಕಟ್ಟಿ ಅದು ಕಾಯುತ್ತದೆ, ಆದರೆ ಉಪ್ಪುನೀರು ಹಾಗೇ ನಿಂತರೆ ಆ ಪದರವೂ ಸೋತು ಚುಕ್ಕಿ ಚುಕ್ಕಿ ಗುಳಿ ಬೀಳುತ್ತದೆ. ಒಂದೇ ಒಳ್ಳೆಯ ಚಾಕು ಇಟ್ಟುಕೊಂಡವರು ತೊಳೆದ ಕೂಡಲೇ ಒರೆಸುವುದನ್ನು ತಪ್ಪಿಸಬಾರದು. ಒದ್ದೆ ಚಾಕುವನ್ನು ಮರದ ಸ್ಟ್ಯಾಂಡಿನ ಸೀಳಿಗೆ ತುರುಕಬೇಡಿ, ಆ ಸೀಳನ್ನು ಒಳಗೆ ಕೈ ಹಾಕಿ ತೊಳೆಯಲು ಯಾರಿಂದಲೂ ಆಗಲ್ಲ. ಹೆಚ್ಚಿದ್ದನ್ನು ಬೋರ್ಡಿನಿಂದ ಬಾಚುವಾಗ ಚಾಕುವನ್ನು ತಿರುಗಿಸಿ ಬೆನ್ನಿನಿಂದ ಬಾಚಿ. ಹರಿತವಾದ ಬಾಯಿಯನ್ನು ಅಡ್ಡಡ್ಡ ಎಳೆದರೆ ಅದು ಮಡಚಿಕೊಂಡು ಮೊಂಡಾಗುತ್ತದೆ. ಇದೊಂದು ಅಭ್ಯಾಸವಾದ ಮೇಲೆ ನನ್ನ ಚಾಕು ಸಾಣೆಕಲ್ಲಿನ ಹತ್ತಿರ ಹೋಗುವುದು ತುಂಬಾ ಕಡಿಮೆಯಾಗಿದೆ.

ಬೋರ್ಡು ಮಾಡುವವರಲ್ಲಿ ಒಂದು ಕೋರಿಕೆ: ಕಾಲು ಬೇಕೆನ್ನುವವರಿಗೆ ಬೇರೆ ಪೊಟ್ಟಣದಲ್ಲಿ ಕೊಡಿ, ಮರಕ್ಕೆ ತೂತು ಕೊರೆಯಬೇಡಿ. ಎಲ್ಲವನ್ನೂ ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುವವರಿಗೆ ಮರದ ಬೋರ್ಡು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅದರ ಬಿಸಿನೀರಿಗೆ ಬೋರ್ಡಿನಲ್ಲಿ ಒಂದಕ್ಕೊಂದು ಅಂಟಿಸಿದ ಮರದ ಪಟ್ಟಿಗಳು ಬಿಡುತ್ತವೆ, ಚಾಕುವಿನ ಮರದ ಹಿಡಿಯೂ ಸೀಳುತ್ತದೆ. ಕೈಯಲ್ಲಿ ತೊಳೆಯುವವರಾದರೆ ಎರಡೂ ಮುಖ ಸಪಾಟಾಗಿರುವ ದಪ್ಪ ಬೋರ್ಡು ಕೊಳ್ಳಿ, ಜೊತೆಗೆ ಮಿನರಲ್ ಆಯಿಲಿನ ಸಣ್ಣ ಬಾಟಲಿಯನ್ನೂ ಅವತ್ತೇ ತನ್ನಿ.