ಹಸಿರು ಕ್ಯಾಸೆಟ್ಟಿಗೆ 11,000 ಕೊಟ್ಟು ಕೆಟ್ಟೆ

ನಿಂಟೆಂಡೋ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್ ಬಾಯ್ ಮಷೀನಿನ ಆಟ ಕೊಳ್ಳಬೇಕು ಅಂತಿದ್ದೀರಾ? ಅದರಲ್ಲೂ ಪೋಕೆಮಾನ್? ಹಾಗಾದರೆ ದುಡ್ಡು ಕಳಿಸುವ ಮೊದಲು ಹತ್ತು ನಿಮಿಷ ಇದನ್ನು ಓದಿಬಿಡಿ. ನಾನು 11,000 ರೂಪಾಯಿ ಕೊಟ್ಟು ತಂದದ್ದು ನಕಲಿ. ನಕಲಿ ಅಂತ ಗೊತ್ತಾಗಿದ್ದು 31 ಗಂಟೆ ಆಡಿದ ಮೇಲೆ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಮಷೀನಿಗೆ ಸಿಕ್ಕಿಸುವ, ಆಟ ತುಂಬಿದ ಆ ಪ್ಲಾಸ್ಟಿಕ್ ಬಿಲ್ಲೆಗೆ ಕಾರ್ಟ್ರಿಜ್ ಅನ್ನಬೇಕು, ಗೊತ್ತು. ಆದರೆ ದಾವಣಗೆರೆಯಲ್ಲಿ ಬೆಳೆದ ನನಗೆ ಅದು ಯಾವತ್ತೂ ಕ್ಯಾಸೆಟ್ಟೇ. ಬೇಸಿಗೆ ರಜೆಯಲ್ಲಿ ಟಿವಿ ಗೇಮ್ ಬಾಡಿಗೆಗೆ ತರುತ್ತಿದ್ದೆವು. ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯುವ ಆಟ. ಕ್ಯಾಸೆಟ್ ಮೇಲೆ 9999 ಆಟ ಇದೆ ಅಂತ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಅದೇ ಐದಾರು ಆಟ, ತಿರುಗಿಸಿ ಮುರುಗಿಸಿ. ಓಡದಿದ್ದರೆ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುವುದು. ಆ ಮಷೀನೇ ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್‌ನ ನಕಲು ಅಂತ ನನಗೆ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಅಂದರೆ ನನ್ನ ಇಡೀ ಬಾಲ್ಯ ನಕಲಿ ಕ್ಯಾಸೆಟ್ಟಿನಲ್ಲೇ ಕಳೆದಿದೆ, ಒಂದು ದಿನವೂ ಬೇಜಾರಾಗಿಲ್ಲ. ಈಗ ಅಸಲಿ ಬೇಕು ಅಂತ ಹೊರಟು ಮೋಸ ಹೋದೆ ನೋಡಿ!

ಅಸಲಿ ನೋಡಿದ್ದು ಒಂದೇ ಸಲ. ದುಬೈನಲ್ಲಿದ್ದ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ತಂದಿದ್ದ. ಅದರಲ್ಲಿ ಪೋಕೆಮಾನ್ ಎಮರಾಲ್ಡ್. ಹಸಿರು ಗಾಜಿನ ಬಳೆ ಚೂರಿನ ಹಾಗೆ ಪಾರದರ್ಶಕವಾದ ಕ್ಯಾಸೆಟ್. ನನ್ನ ಕೈಗೆ ಕೊಟ್ಟದ್ದು ಅರ್ಧ ಗಂಟೆ, ಅದೂ ಅವನ ಅಮ್ಮ ಗದರಿಸಿದ್ದಕ್ಕೆ. ಇಪ್ಪತ್ತು ವರ್ಷ ಕಳೆದರೂ ಆ ಅರ್ಧ ಗಂಟೆ ತಲೆಯಿಂದ ಹೋಗಿಲ್ಲ. ಸಂಬಳ ಬರಲು ಶುರುವಾದ ಮೇಲೆ ನಿಂಟೆಂಡೋದ್ದೇ ಇನ್ನೊಂದು ಕೈ ಮಷೀನು, ಒಂದು ಹಳೆಯ ಡಿಎಸ್ ಲೈಟ್ ಹುಡುಕಿ ತೆಗೆದುಕೊಂಡೆ. ಅದರ ಕೆಳಗಿನ ಕಿಂಡಿಯಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟೂ ಓಡುತ್ತದೆ. ಇನ್ನು ಕ್ಯಾಸೆಟ್ ಹುಡುಕುವುದೊಂದೇ ಬಾಕಿ.

ಬೆಲೆ ನೋಡಿ ಗಾಬರಿಯಾಯಿತು. ಎಮರಾಲ್ಡ್ 2005ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಸುಮಾರು 35 ಡಾಲರ್. ಅಂದಿನ ಲೆಕ್ಕದಲ್ಲಿ ಸಾವಿರದ ಐನೂರು ರೂಪಾಯಿ ಆಸುಪಾಸು. ಈಗ ಡಬ್ಬಿ ಇಲ್ಲ, ಪುಸ್ತಕ ಇಲ್ಲ, ಬರೀ ಕ್ಯಾಸೆಟ್ಟೇ 100 ಡಾಲರ್ ದಾಟಿ ಎಷ್ಟೋ ಕಾಲವಾಯಿತು. ಅಪರೂಪದ ಆಟವೇ ಅಂದರೆ ಅದೂ ಅಲ್ಲ. ಪ್ರಪಂಚದಲ್ಲಿ 70 ಲಕ್ಷದಷ್ಟು ಮಾರಾಟವಾಗಿದೆ. ಆದರೆ ಇದ್ದವರು ಬಿಡುವುದಿಲ್ಲ, ಇಲ್ಲದವರು ನನ್ನ ಹಾಗೆ ಈಗ ದುಡಿಯುತ್ತಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತವರೆಲ್ಲ ಬಾಲ್ಯ ಕೊಳ್ಳಲು ಹೊರಟರು, ಬೆಲೆ ಮೇಲಕ್ಕೆ ಹೋಯಿತು. ಮರುವರ್ಷ ಜುಲೈನಲ್ಲಿ ಅಮೆರಿಕದ ಹರಾಜಿನಲ್ಲಿ ಪ್ಯಾಕೆಟ್ ಒಡೆಯದ ಒಂದು ಸೂಪರ್ ಮಾರಿಯೋ 64 ಬರೋಬ್ಬರಿ 15.6 ಲಕ್ಷ ಡಾಲರಿಗೆ ಹೋಯಿತು. ಅದು ಸೀಲ್ ಒಡೆಯದ, ಗ್ರೇಡಿಂಗ್‌ನಲ್ಲಿ (ಸ್ಥಿತಿ ನೋಡಿ ಹತ್ತಕ್ಕೆ ಅಂಕ ಕೊಡುವುದು) 9.8 ಅಂಕ ಪಡೆದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕೂತ ಮಾಲು. ನಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ. ಆದರೂ ಮಾರುವವರು ಅದನ್ನೇ ಹೇಳುತ್ತಾರೆ. ‘ಮುಂದಿನ ವರ್ಷ ಡಬಲ್ ಆಗುತ್ತೆ ಸರ್, ಇದು ಇನ್ವೆಸ್ಟ್‌ಮೆಂಟ್’. ಈ ಮಾತು ಕೇಳಿದ ಕೂಡಲೇ ನೀವು ಎದ್ದು ಹೋಗಬೇಕು. ನಾನು ಹೋಗಲಿಲ್ಲ.

ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. ಆ ಕಾಲದ ಅಸಲಿ ಕ್ಯಾಸೆಟ್ಟುಗಳು ಹೆಚ್ಚಾಗಿ ಬಂದದ್ದು ದುಬೈ, ಸಿಂಗಾಪುರ, ಅಮೆರಿಕದ ನೆಂಟರ ಸೂಟ್‌ಕೇಸಿನಲ್ಲಿ. ಹಾಗಾಗಿ ಅಂಗಡಿಗೆ ಹೋಗಿ ಪಕ್ಕಪಕ್ಕ ಇಟ್ಟು ನೋಡಿ ತರೋಣ ಅಂದರೆ ಆಗದ ಮಾತು. ಹೊರದೇಶದಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಇನ್ನೂ ಜಾಸ್ತಿ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಬೆಂಗಳೂರಿನಲ್ಲೇ ಒಬ್ಬರು ಮಾರುತ್ತಿದ್ದಾರೆ ಅಂತ ಕಂಡಾಗ ನನಗೆ ಲಾಟರಿ ಹೊಡೆದ ಹಾಗಾಯಿತು.

ಫೋಟೋ ಚೆನ್ನಾಗಿತ್ತು. ಮೇಜಿನ ಮೇಲೆ ತಿಳಿನೀಲಿ ಹೂವಿನ ಬಟ್ಟೆ, ಅದರ ಮೇಲೆ ಹಸಿರು ಕ್ಯಾಸೆಟ್. ಲೇಬಲ್ಲಿನ ಒಂದು ಮೂಲೆ ಸ್ವಲ್ಪ ಸವೆದಿತ್ತು. ಆ ಸವೆತವೇ ನನ್ನನ್ನು ಕೆಡಿಸಿತು. ನಕಲಿ ಆಗಿದ್ದರೆ ಹೊಳೆಯುತ್ತಿರುತ್ತಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. 12,000 ಹೇಳಿದರು, ನೇರವಾಗಿ ಯುಪಿಐ ಮಾಡಿದರೆ 11,000ಕ್ಕೆ ಬಿಡುತ್ತೇನೆ ಅಂದರು. ಜೊತೆಗೆ ತಾವಾಗಿಯೇ ಒಂದು ಮಾತು ಸೇರಿಸಿದರು. ‘ಸರ್, ಆನ್ ಮಾಡಿದಾಗ ಬ್ಯಾಟರಿ ಖಾಲಿ ಅಂತ ತೋರಿಸುತ್ತೆ. 20 ವರ್ಷದ ಐಟಂ ಅಲ್ವಾ. ಅದೇ ಒರಿಜಿನಲ್ ಅನ್ನೋಕೆ ಸಾಕ್ಷಿ. ಡೂಪ್ಲಿಕೇಟ್ ಆಗಿದ್ದರೆ ಹೊಸ ಬ್ಯಾಟರಿ ಇರುತ್ತಿತ್ತು.’

ಈ ಮಾತಿನ ಚಂದ ನೋಡಿ. ಅರ್ಧ ನಿಜ. ಅಸಲಿ ಎಮರಾಲ್ಡ್ ಒಳಗೆ ಸಿಆರ್ 1616 ಅನ್ನುವ ಗುಂಡಿ ಬ್ಯಾಟರಿ ಇರುತ್ತದೆ. ಅದು ಆಟದೊಳಗಿನ ಗಡಿಯಾರ ನಡೆಸಲು ಮಾತ್ರ. ಇಷ್ಟು ವರ್ಷಕ್ಕೆ ಅದು ಸತ್ತಿರುವುದು ಸಹಜ. ಸತ್ತರೆ ಗಿಡಗಳಲ್ಲಿ ಹಣ್ಣು ಬಿಡುವುದು ನಿಲ್ಲುತ್ತದೆ, ಉಳಿದ ಆಟ ನಡೆಯುತ್ತದೆ. ಆಡಿದ್ದು ಸೇವ್ ಆಗುವುದು ಬೇರೆ ಫ್ಲ್ಯಾಶ್ ಚಿಪ್ಪಿನಲ್ಲಿ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬಿದ್ದೆ. ಏನೂ ಗೊತ್ತಿಲ್ಲದವನಾಗಿದ್ದರೆ ಬ್ಯಾಟರಿ ಹೋದದ್ದು ಬೇಡ ಅಂತ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಗಡಿಯಾರದ ಚಿಪ್ಪೇ ಇಲ್ಲದ ನಕಲಿಯಲ್ಲೂ ಅದೇ ಸಂದೇಶ ಬರುತ್ತದೆ ಅನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೇ ದಿನ ಪಾರ್ಸೆಲ್ ಬಂತು. ಹಾಕಿದೆ, ಓಡಿತು. ಹೇಳಿದ ಹಾಗೇ ಬ್ಯಾಟರಿ ಸಂದೇಶ ಬಂತು. ಖುಷಿಯಾಯಿತು ಅಂದರೆ ನಂಬುತ್ತೀರಾ? ಮಡ್‌ಕಿಪ್ ಅನ್ನುವ ಪೋಕೆಮಾನ್ ಆರಿಸಿಕೊಂಡು ಗಜ ಅಂತ ಹೆಸರಿಟ್ಟೆ. ಬಿಡುವಾದಾಗ ರಾತ್ರಿ ಊಟ ಆದಮೇಲೆ ಒಂದು ಗಂಟೆ, ಭಾನುವಾರ ಎರಡು ಗಂಟೆ. ಹೀಗೆ ಒಂದೂವರೆ ತಿಂಗಳು ಆಡಿದೆ. ಸೇವ್ ಸರಿಯಾಗಿಯೇ ಆಗುತ್ತಿತ್ತು. ಗಜ ಬೆಳೆದು ಸ್ವಾಂಪರ್ಟ್ ಆದ. ಕೊನೆಯ ಚಾಂಪಿಯನ್ ವ್ಯಾಲೇಸ್‌ನ ಮೈಲೋಟಿಕ್ ಅನ್ನುವ ಪೋಕೆಮಾನ್ ಒಂದನ್ನು ಬೀಳಿಸಲು ಮೂರು ರಾತ್ರಿ ಹಿಡಿಯಿತು. ಕಡೆಗೂ ಗೆದ್ದೆ. ಗೆದ್ದವರ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿ ನನ್ನ ಆರೂ ಪೋಕೆಮಾನ್ ಸಾಲಾಗಿ ಬಂದವು. ಆಟ ಮಾಡಿದವರ ಹೆಸರುಗಳು ಮೇಲಕ್ಕೆ ಹೋದವು. ಹೆಂಡತಿಯನ್ನು ಕರೆದು ತೋರಿಸಿದೆ. ‘ಆಯ್ತಲ್ಲ, ಇನ್ನು ಮಲಗಿ’ ಅಂದಳು.

ಮರುದಿನ ಬೆಳಗ್ಗೆ ಕಾಫಿ ಹಿಡಿದು ಆನ್ ಮಾಡಿದೆ. ಹಾಳಾದ ಕಾರಣ ಸೇವ್ ಫೈಲ್ ಅಳಿಸಿಹೋಗಿದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಕೆಳಗೆ ಹೊಸ ಆಟ ಶುರು ಮಾಡಿ ಅನ್ನುವ ಮೆನು. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಚಿಕ್ಕಂದಿನ ಅಭ್ಯಾಸ, ತೆಗೆದು ಊದಿಯೂ ನೋಡಿದೆ. ಗಜ ಇರಲಿಲ್ಲ.

ಆಮೇಲೆ ಕೂತು ತಿಳಿದುಕೊಂಡೆ. ಎಮರಾಲ್ಡ್ ಸೇವ್ ಮಾಡಲು 128 ಕಿಲೋಬೈಟ್ ಜಾಗ ಬೇಡುತ್ತದೆ, ಹಾಲ್ ಆಫ್ ಫೇಮ್ ಬರೆಯುವುದು ಅದರ ಕೊನೆಯ ಭಾಗದಲ್ಲಿ. ನಕಲಿ ಮಾಡುವವರು ಅಗ್ಗದ ಚಿಪ್ ಹಾಕಿ, ಆಟದ ಕೋಡನ್ನು ಅದಕ್ಕೆ ತಕ್ಕಂತೆ ತಿದ್ದಿರುತ್ತಾರೆ. ಸಾಮಾನ್ಯ ಸೇವ್ ನಡೆಯುತ್ತದೆ, ಗೆದ್ದ ಮೇಲಿನ ಸೇವ್‌ಗೆ ಮುಗ್ಗರಿಸುತ್ತದೆ. ಗೆದ್ದ ಗಳಿಗೆಯಲ್ಲೇ ಎಲ್ಲ ಹೋಯಿತು ಅಂತ ಗೋಳಾಡುವವನು ನಾನೊಬ್ಬನೇ ಅಲ್ಲವಂತೆ.

ಬಿಚ್ಚಿ ನೋಡೋಣ ಅಂತ ಮೂರು ರೆಕ್ಕೆಯ ಸ್ಕ್ರೂಡ್ರೈವರ್ ತರಿಸಿದೆ, 250 ರೂಪಾಯಿ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟಿಗೆ ನಿಂಟೆಂಡೋ ಹಾಕುವುದು ಆ ಥರದ ಸ್ಕ್ರೂ. ಅದು ಹಿಡಿಯಲೇ ಇಲ್ಲ. ಕನ್ನಡಕ ಹಾಕಿಕೊಂಡು ನೋಡಿದರೆ ಪ್ಲಸ್ ಗುರುತಿನ ಮಾಮೂಲಿ ಸ್ಕ್ರೂ! ಅಡುಗೆಮನೆಯ ಡ್ರಾಯರಿನಲ್ಲಿದ್ದ ಚಿಕ್ಕ ಸ್ಕ್ರೂಡ್ರೈವರ್ ಎರಡು ಸುತ್ತಿಗೆ ಬಿಚ್ಚಿತು. ಅಲ್ಲಿಗೇ ಉತ್ತರ ಸಿಕ್ಕಿತ್ತು, ಆದರೂ ತೆರೆದೆ. ಅಸಲಿಯಲ್ಲಿ ಚೌಕಾಕಾರದ ಚಿಪ್ಪುಗಳು ಕೂತಿರುತ್ತವೆ, ಮೇಲೆ ಅಕ್ಷರ ಇರುತ್ತದೆ. ಇದರಲ್ಲಿ ಕರಗಿದ ಅರಗು ಸುರಿದ ಹಾಗೆ ಒಂದು ಕಪ್ಪು ಉಂಡೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಖಾಲಿಯಾದ ಬ್ಯಾಟರಿ ಅಂದರಲ್ಲ? ಬ್ಯಾಟರಿಯೇ ಇರಲಿಲ್ಲ.

ಇದೆಲ್ಲ ಬಿಚ್ಚದೆಯೂ ಗೊತ್ತಾಗುತ್ತಿತ್ತು, ಅದೇ ಸಂಕಟ. ಅಸಲಿ ಕ್ಯಾಸೆಟ್ಟಿನ ಲೇಬಲ್ ಮೇಲೆ ಎರಡು ಅಂಕಿ ಒತ್ತಿರುತ್ತಾರೆ. ಮುದ್ರಿಸಿದ್ದಲ್ಲ, ಕಾಗದವನ್ನೇ ಅದುಮಿದ ಗುರುತು. ಲೇಬಲ್ಲನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಕೆಲವು ನಕಲಿಗಳಲ್ಲಿ ಅದೂ ಇರುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಕ್ಯಾಸೆಟ್ ಮಗುಚಿ, ಚಿನ್ನದ ಬಣ್ಣದ ಹಲ್ಲುಗಳ ಸಾಲಿನ ಮೇಲೆ ಬೋರ್ಡಿನಲ್ಲಿ ನಿಂಟೆಂಡೋ ಅಂತ ಅಚ್ಚಾಗಿದೆಯಾ ನೋಡಿ. ನನ್ನದರಲ್ಲಿ ಅಲ್ಲಿ ಬರೀ ಬೋಳು. ನಿಮ್ಮ ಹತ್ತಿರ ಡಿಎಸ್ ಲೈಟ್ ಮತ್ತು ಅದರದ್ದೇ ಆಟವಾದ ಅಸಲಿ ಪೋಕೆಮಾನ್ ಡೈಮಂಡ್ ಇದ್ದರೆ ಇನ್ನೂ ಸುಲಭ. ಎರಡನ್ನೂ ಹಾಕಿ ಆನ್ ಮಾಡಿದಾಗ ಎಮರಾಲ್ಡ್‌ನಿಂದ ಪೋಕೆಮಾನ್ ತರುವ ಸಾಲು ಮೆನುವಿನಲ್ಲಿ ಬರಬೇಕು. ನಕಲಿಗಳನ್ನು ಡೈಮಂಡ್ ಸಾಮಾನ್ಯವಾಗಿ ಗುರುತು ಹಿಡಿಯುವುದಿಲ್ಲ. ಮಾರುವವರಿಂದ ಹಿಂಭಾಗದ ಸ್ಕ್ರೂ ಮತ್ತು ಕೆಳಗಿನ ಹಲ್ಲುಗಳ ಫೋಟೋ ಕೇಳಿ. ಬೇಕಾದರೆ ಬಿಚ್ಚಿದ ಬೋರ್ಡಿನದ್ದನ್ನೂ ಕೇಳಿ. ಪಕ್ಕದಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆದ ಚೀಟಿ ಇರಬೇಕು ಅನ್ನಿ. ಯಾಕೆ ಅಂದರೆ ನನಗೆ ತೋರಿಸಿದ ಫೋಟೋ ಅಸಲಿಯದ್ದು, ಕಳಿಸಿದ್ದು ಬೇರೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಲೇಬಲ್ ಬಲಬದಿಯಲ್ಲಿ 22 ಅಂತ ಒತ್ತಿದ್ದು ಕಾಣುತ್ತದೆ. ನನ್ನ ಕೈಯಲ್ಲಿರುವುದು ನುಣ್ಣಗಿದೆ. ಸವೆದ ಮೂಲೆ? ಅದೂ ಇಲ್ಲ. ಪಾರ್ಸೆಲ್ ಬಂದ ದಿನ ಆ ಮೂಲೆ ಎಲ್ಲಿ ಹೋಯಿತು ಅಂತ ಕೇಳುವ ಬುದ್ಧಿ ನನಗಿರಲಿಲ್ಲ.

ನಕಲಿಯನ್ನು ನಕಲಿ ಅಂತಲೇ ಹೇಳಿ ಐನೂರು ಆರುನೂರಕ್ಕೆ ಮಾರಿದರೆ ನನ್ನ ತಕರಾರು ಏನೂ ಇಲ್ಲ. ಬೇಕಾದವರು ಗೊತ್ತಿದ್ದೇ ತಗೊಳ್ಳುತ್ತಾರೆ. ಅಸಲಿಯ ರೇಟು ಹಾಕಿ ನಕಲಿ ಕೊಡುವುದು ಕಳ್ಳತನ.

ಮಾರಿದವರಿಗೆ ಬೋರ್ಡಿನ ಫೋಟೋ ಕಳಿಸಿದೆ. ‘ನಾನೂ ಬೇರೆಯವರ ಹತ್ತಿರ ತಗೊಂಡಿದ್ದು ಸರ್’ ಅಂತ ಒಂದು ಉತ್ತರ ಬಂತು. ಸಂಜೆ ಹೊತ್ತಿಗೆ ಬ್ಲಾಕ್ ಮಾಡಿದ್ದರು. ಸಾವಿರ ರೂಪಾಯಿ ಉಳಿಸಲು ನೇರ ಯುಪಿಐ ಮಾಡಿದ್ದರಿಂದ ಆ್ಯಪಿನ ಮೂಲಕ ದುಡ್ಡು ವಾಪಸ್ ಕೇಳುವ ದಾರಿಯೂ ಮುಚ್ಚಿತ್ತು. ಹೀಗಾದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಕಷ್ಟ. ನಾನು ದೂರು ಕೊಡುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಬಂದ ದಿನವೇ ಈ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಿ, ಆಡುವುದು ಆಮೇಲೆ.

ಈಗ ಆ ಕ್ಯಾಸೆಟ್ ನನ್ನ ಅಕ್ಕನ ಮಗನ ಹತ್ತಿರ ಇದೆ. ಕೊನೆಯವರೆಗೆ ಹೋಗಬೇಡ ಅಂತ ಹೇಳಿ ಕೊಟ್ಟಿದ್ದೇನೆ. ಅವನಿಗೆ ಅಸಲಿ ನಕಲಿ ಏನೂ ಇಲ್ಲ, ಆರಾಮಾಗಿ ಆಡುತ್ತಿದ್ದಾನೆ.

ನಿನ್ನೆ ಬೇರೆ ನಂಬರಿನಿಂದ ಹುಡುಕಿದೆ. ಅದೇ ತಿಳಿನೀಲಿ ಹೂವಿನ ಬಟ್ಟೆ, ಅದೇ ಸವೆದ ಮೂಲೆ, ಅದೇ 22. ಖಾತೆಯ ಹೆಸರು ಹೊಸದು. ಬೆಲೆ 13,500 ಆಗಿದೆ.