ಮುದಿ ಥಂಡರ್‌ಬರ್ಡಿಗೆ ಹೊಸ ಶಾಕ್: ದೇವಿಮನೆ ಘಟ್ಟದಲ್ಲಿ ಎಂಟು ತಿಂಗಳು

ನನ್ನ ಹೆಂಡತಿ ಕಳೆದ ವರ್ಷ ದೀಪಾವಳಿಗೆ ಮುಂಚೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು. "ಆನು ಬಸ್ಸಿಗೇ ಬತ್ತಿ. ನಿಮ್ಮ ಬೈಕ್ ಹತ್ತಿರೆ ಸೊಂಟ ಕೈಗೆ ಬತ್ತು."

ಹೋಗಬೇಕಾಗಿದ್ದು ಕಾರವಾರಕ್ಕೆ, ಅವಳ ತಂಗಿಯ ಮನೆಗೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ, ಹೆದ್ದಾರಿ ಹಿಡಿದು ಅಂಕೋಲಾ ಮೇಲೆ ಹೋಗುವುದು. ಅವಳ ಸಿಟ್ಟಿಗೆ ಕಾರಣ ಇತ್ತು. ಹಿಂದಿನ ಸಲ ಹೋಗುವಾಗ ಬಲಗಡೆಯ ಬ್ಯಾಗಿನಲ್ಲಿ ಎರಡು ಕಿಲೋ ಜೋನಿಬೆಲ್ಲದ ಡಬ್ಬಿ ಇಟ್ಟಿದ್ದೆವು. ಮುಚ್ಚಳದ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ದಾರ. ಅಂಕೋಲಾದಲ್ಲಿ ಚಹಾಕ್ಕೆ ನಿಲ್ಲಿಸಿ ನೋಡಿದರೆ ಬೆಲ್ಲ ಬ್ಯಾಗಿನ ತಳದಿಂದ ಇಳಿದು ಬಿಸಿ ಸೈಲೆನ್ಸರ್ ಮೇಲೆ ತೊಟ್ಟಿಕ್ಕುತ್ತಿತ್ತು. ನಡುಪೇಟೆಯಲ್ಲಿ ಆಲೆಮನೆ ವಾಸನೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಮಾತ್ರ ನನ್ನ ಮುಖ ನೋಡಲಿಲ್ಲ.

ಬೈಕ್ 2013ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350. 20 ಲೀಟರ್ ಟ್ಯಾಂಕು, 192 ಕೆ.ಜಿ. ತೂಕ. 2020ರಲ್ಲಿ ಕಂಪನಿ ಇದನ್ನು ನಿಲ್ಲಿಸಿ ಮೀಟಿಯರ್ ತಂದಾಗ ನನ್ನದು 70 ಸಾವಿರ ಕಿ.ಮೀ. ಮುಗಿಸಿತ್ತು. ಈಗ 94 ಸಾವಿರ. ಎಂಜಿನ್ ಬಗ್ಗೆ ಒಂದು ಮಾತು ಆಡುವ ಹಾಗಿಲ್ಲ. ಆದರೆ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಆಯಸ್ಸು ಮುಗಿಸಿತ್ತು. ಸೀಟನ್ನು ಒಂದು ಕೈಯಲ್ಲಿ ಒತ್ತಿ ಬಿಟ್ಟರೆ ತೊಟ್ಟಿಲು ತೂಗಿದ ಹಾಗೆ ಮೂರು ಸಲ ಕುಣಿದು ನಿಲ್ಲುತ್ತಿತ್ತು. ಕಂಪನಿಯ ಮಾಲು ಕೆಟ್ಟದ್ದು ಅಂತಲ್ಲ. ನಮ್ಮ ಕಡೆಯ ಮಳೆ, ಕೆಸರು, ತೋಟದ ರಸ್ತೆಯಲ್ಲಿ ಅಷ್ಟು ದಿನ ಬಾಳಿದ್ದೇ ದೊಡ್ಡದು.

ಮೂರು ವರ್ಷದ ಹಿಂದೆ ಒಂದು ಸಲ ಅಗ್ಗದ ದಾರಿಯನ್ನೂ ನೋಡಿದ್ದೆ. ಆನ್‌ಲೈನಿನಲ್ಲಿ ಜೋಡಿಗೆ 3,200 ರೂಪಾಯಿ. ಕೆಂಪು ಸ್ಪ್ರಿಂಗು, ಪಕ್ಕದಲ್ಲಿ ಚಿನ್ನದ ಬಣ್ಣದ ಪುಟ್ಟ ಡಬ್ಬಿ, ನೋಡಲಿಕ್ಕೆ ರೇಸಿನ ಗಾಡಿಯ ಹಾಗೆ. ಆ ಡಬ್ಬಿ ಬರೀ ಶೋಕಿಗೆ, ಒಳಗೆ ಏನೂ ಇರಲಿಲ್ಲ. ಐದನೇ ತಿಂಗಳಿಗೆ ಎಡಗಡೆಯದು ಆಯಿಲ್ ಕಾರಿಕೊಂಡಿತು. ಮಾರಿದವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಹಳೆಯದನ್ನೇ ವಾಪಸ್ ಹಾಕಿಕೊಂಡು ಓಡಿಸಿದೆ.

ಈ ಸಲ ತಗೊಂಡದ್ದು ಥಾಯ್ಲೆಂಡಿನ ವೈಎಸ್‌ಎಸ್. ಗ್ಯಾಸ್ ತುಂಬಿದ ಜೋಡಿ. ಪ್ರೀಲೋಡ್‌ಗೆ, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನುವುದಕ್ಕೆ, ಚೂಡಿ ಕೊರೆದ ರಿಂಗು. ಕೆಳಗೆ ರಿಬೌಂಡ್, ಅಂದರೆ ಒತ್ತಿದ ಶಾಕ್ ಮೇಲೇಳುವ ವೇಗ, ಹೊಂದಿಸುವ ನಾಬು. ನನಗೆ ಬಿದ್ದದ್ದು 16,800 ರೂಪಾಯಿ. ಭಾವನಿಗೆ ರೇಟು ಹೇಳಿದ್ದೇ ತಪ್ಪಾಯಿತು. "ಮಾರಿದ್ರೆ 60 ಸಾವಿರ ಬರದಿದ್ದ ಗಾಡಿಗೆ ಇದು ಎಂತಕ್ಕೋ? ಮುದಿ ಎತ್ತಿಗೆ ಬೆಳ್ಳಿ ಲಾಳ!" ಅವನ ಲೆಕ್ಕ ಅವನಿಗೆ. ಹೊಸ ಬೈಕಿಗೆ ಎರಡೂವರೆ ಲಕ್ಷ ಕೊಡುವುದಕ್ಕಿಂತ ಇದು ಅಗ್ಗ ಅಂತ ನನ್ನ ಲೆಕ್ಕ.

ಇಷ್ಟು ದುಡ್ಡಿಗೆ ಒಳಗೆ ಏನಿದೆ ಅಂತ ನೋಡಬೇಕಲ್ವಾ. ಸ್ಪ್ರಿಂಗ್ ಮಾಡುವುದು ಭಾರ ಹೊರುವ ಕೆಲಸ, ಅಷ್ಟೆ. ಕುಣಿತ ನಿಲ್ಲಿಸುವುದು ಆಯಿಲ್. ಶಾಕ್ ಒತ್ತಿದಾಗ, ಬಿಟ್ಟಾಗ ಒಳಗಿನ ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಆಯಿಲ್ ನುಸುಳಬೇಕು. ನುಸುಳುವ ಕಷ್ಟವೇ ಬ್ರೇಕು. ಹೊಂಡದ ಮೇಲೆ ಹೊಂಡ ಬಂದರೆ, ಮಜ್ಜಿಗೆ ಕಡೆದ ಹಾಗೆ, ಈ ಆಯಿಲ್ ಗಾಳಿಯ ಜೊತೆ ಸೇರಿ ನೊರೆ ಬರುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ, ಸುಮ್ನೆ ತೂರಿಕೊಂಡು ಹೋಗುತ್ತದೆ. ಅದಕ್ಕೇ ನೈಟ್ರೋಜನ್ ಗ್ಯಾಸನ್ನು ಒತ್ತಡದಲ್ಲಿ ತುಂಬುತ್ತಾರೆ. ಒತ್ತಡ ಇದ್ದರೆ ಗುಳ್ಳೆ ಏಳುವುದಿಲ್ಲ. ಶಿರಸಿಯಿಂದ ಹೊರಟಾಗ ಹೇಗಿತ್ತೋ ಘಟ್ಟದ ಬುಡ ಮುಟ್ಟುವಾಗಲೂ ಹಾಗೇ ಇರುತ್ತದೆ. ಇದು ನಿಜವಾಗಿ ಗೊತ್ತಾಗುತ್ತದೆ. ಹಳೇ ಶಾಕಿನಲ್ಲಿ ಮೊದಲ ಅರ್ಧ ಗಂಟೆ ಪರವಾಗಿಲ್ಲ ಅನಿಸಿ, ಆಮೇಲೆ ಗಾಡಿ ತೇಲಲು ಶುರುವಾಗುತ್ತಿತ್ತು.

ಹಾಕಿಸಿದ್ದು ಯಲ್ಲಾಪುರ ರಸ್ತೆ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ. ಬೋರ್ಡೂ ಇಲ್ಲ. ಎಂಟು ವರ್ಷದಿಂದ ನನ್ನ ಗಾಡಿ ಬಲ್ಲ ಕೈ. ಬಿಚ್ಚಿ ಹಾಕಲು ಮುಕ್ಕಾಲು ಗಂಟೆ ಸಾಕಾಯಿತು. ಕೊನೆಗೆ ಆತ ಪ್ರೀಲೋಡ್ ರಿಂಗನ್ನು ಕೈಲಾದಷ್ಟು ಬಿಗಿ ಮಾಡಿ, "ಹೆಗಡೇರೆ, ಫುಲ್ ಟೈಟ್ ಮಾಡಿದೇನೆ, ಇನ್ನು ಎಷ್ಟು ಲೋಡ್ ಹಾಕಿದ್ರೂ ಕೂರೂದಿಲ್ಲ" ಅಂದ.

ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಸಹಸ್ರಲಿಂಗದ ಕಡೆ ಹೋದೆ. ಮೊದಲಿಗಿಂತ ಕಷ್ಟ! ಪ್ರತಿ ಉಬ್ಬಿಗೂ ಅವಳು ಸೀಟಿನಿಂದ ಮೇಲೆ ಹಾರಿ ಕೂರುತ್ತಿದ್ದಳು. ವಾಪಸ್ ಬಂದು ಏನೂ ಹೇಳಲಿಲ್ಲ. ಬಸ್ಸಿನ ಟೈಮ್ ಮಾತ್ರ ಕೇಳಿದಳು.

ಅಲ್ಲಿಗೆ ನಾನು 16,800 ನೀರಿಗೆ ಹಾಕಿದೆ ಅಂದುಕೊಂಡೆ. ಆಮೇಲೆ ಡಬ್ಬದಲ್ಲಿದ್ದ ಕಾಗದ ಬಿಚ್ಚಿ ಕೂತು ಓದಿದೆ. ಮೊದಲೇ ಓದಬೇಕಿತ್ತು, ಯಾರು ಓದುತ್ತಾರೆ? ತಿಳಿದದ್ದು ಇಷ್ಟು. ಪ್ರೀಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರ ನಿಲ್ಲುತ್ತದೆ. ನಾವು ಕೂತಾಗ ಶಾಕ್ ಸ್ವಲ್ಪ ಕುಸಿಯಲೇಬೇಕು. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಕುಸಿದಿದ್ದರೆ ತಾನೇ ಹೊಂಡ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯುವುದು? ಪೂರ್ತಿ ಬಿಗಿಯಾದರೆ ಚಕ್ರಕ್ಕೆ ಇಳಿಯಲು ಜಾಗ ಸಾಲುವುದಿಲ್ಲ. ಹೊಂಡದ ಮೇಲೆ ಗಾಡಿಯೇ ಬೀಳುತ್ತದೆ, ಮೇಲೆ ಕೂತವರು ಹಾರುತ್ತಾರೆ.

ಮಾರನೇ ದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಅವಳು ಹೆಲ್ಮೆಟ್ ಹಾಕಿ, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು, ನಿಂತ ಬೈಕಿನ ಮೇಲೆ ಇಪ್ಪತ್ತು ನಿಮಿಷ ಕೂತಳು. ದಾರಿಯಲ್ಲಿ ಹೋಗುವ ಪರಿಚಯದವರೆಲ್ಲ "ಎಲ್ಲಿಗೆ ಹೊಂಟಿದ್ದು?" ಅಂತ ಕೇಳುವವರೇ. ಅಳತೆ ಹೀಗೆ: ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಾಗ ಅಚ್ಚಿನ ನಡುವಿನಿಂದ ಸೀಟಿನ ಕೆಳಗೆ ಸೀಮೆಸುಣ್ಣದಲ್ಲಿ ಮಾಡಿದ ಗುರುತಿನವರೆಗೆ ಟೇಪು ಹಿಡಿದೆವು. 498 ಮಿ.ಮೀ. ಇಬ್ಬರೂ ಹತ್ತಿ ಕೂತಾಗ 481. ಅಂದರೆ ಕುಸಿದದ್ದು ಬರೀ 17. ಈ ಬೈಕಿನ ಹಿಂದಿನ ಶಾಕಿನ ಓಟ, ಅಂದರೆ ಅದು ಪೂರ್ತಿ ಕುಸಿಯಬಲ್ಲ ದೂರ, 80 ಮಿ.ಮೀ. ಅದರ ಮೂರನೇ ಒಂದು ಭಾಗದ ಆಸುಪಾಸು ಕುಸಿದರೆ ಸರಿ. ಸಿ ಆಕಾರದ ಸ್ಪ್ಯಾನರಿನಲ್ಲಿ ರಿಂಗನ್ನು ಸುತ್ತು ಸುತ್ತಾಗಿ ಸಡಿಲ ಮಾಡುತ್ತಾ ಬಂದೆವು. ಎರಡೂ ಕಡೆ ಸಮ ಇರಬೇಕು, ಚೂಡಿ ಎಣಿಸಿ ನೋಡಿದೆವು. 476, 473, ಕೊನೆಗೆ 470. ಕುಸಿತ 28. ಅಲ್ಲಿಗೆ ನಿಲ್ಲಿಸಿದೆವು. ಮೆಕ್ಯಾನಿಕ್‌ಗೆ ಆಗಲೂ ಅನುಮಾನ, "ಲೂಸ್ ಆಯ್ತಲ್ರೀ" ಅಂತ ತಲೆ ಕೆರೆದುಕೊಂಡ. ಆದರೆ ಟೇಪನ್ನು ಆಮೇಲೆ ತನ್ನ ಟೂಲ್ ಡಬ್ಬದಲ್ಲೇ ಇಟ್ಟುಕೊಂಡ, ವಾಪಸ್ ಕೊಡಲಿಲ್ಲ.

ರಿಬೌಂಡ್ ನಾಬಿಗೆ ಅಳತೆ ಇಲ್ಲ, ಕೈಯಂದಾಜು. ಸೀಟು ಒತ್ತಿ ಬಿಟ್ಟರೆ ಒಂದೇ ಸಲ ಮೇಲೆ ಬಂದು ನಿಲ್ಲಬೇಕು. ಮೊದಲು ನಾನು ಜಾಸ್ತಿ ಬಿಗಿ ಮಾಡಿದ್ದೆ, ಮೇಲೇಳುವುದು ನಿಧಾನವಾದಷ್ಟೂ ಒಳ್ಳೆಯದು ಅಂತ. ಆದರೆ ಸಾಲು ಉಬ್ಬುಗಳಿರುವ ರಸ್ತೆಯಲ್ಲಿ ಶಾಕ್ ಒಂದು ಉಬ್ಬಿನಿಂದ ಮೇಲೇಳುವಷ್ಟರಲ್ಲಿ ಮುಂದಿನದು ಬರುತ್ತದೆ. ಹಾಗೇ ಕುಸಿಯುತ್ತಾ ಕುಸಿಯುತ್ತಾ ಕೊನೆಗೆ ಕಲ್ಲಿನ ಹಾಗೆ ಆಗುತ್ತದೆ. ಮೂರು ಕ್ಲಿಕ್ ಬಿಟ್ಟ ಮೇಲೆ ಸರಿಯಾಯಿತು.

ಹಿಂದಿನದು ಸರಿಯಾದ ಕೂಡಲೇ ಮುಂದಿನ ಚಕ್ರದ ಶಾಕಿನ, ಅಂದರೆ ಫೋರ್ಕಿನ, ಬಣ್ಣ ಬಯಲಾಯಿತು. ಇಷ್ಟು ದಿನ ಇಡೀ ಗಾಡಿಯೇ ಕುಣಿಯುತ್ತಿದ್ದರಿಂದ ಗೊತ್ತೇ ಆಗಿರಲಿಲ್ಲ. ಈಗ ದೇವಿಮನೆಯ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಿಡಿದರೆ ಮೂತಿ ದಬಕ್ಕನೆ ಕೆಳಗೆ. ಫೋರ್ಕಿನ ಆಯಿಲ್ ಬದಲಿಸಿ ಎಷ್ಟು ವರ್ಷ ಆಯಿತು ಅಂತ ಮೆಕ್ಯಾನಿಕ್ ಕೇಳಿದ. ಬದಲಿಸಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಎಂಜಿನ್ ಆಯಿಲ್‌ಗೆ ಡೈರಿಯಲ್ಲಿ ತಾರೀಖು ಬರೆದಿಡುವ ಮನುಷ್ಯ ನಾನು! ಫೋರ್ಕ್ ಬಿಚ್ಚಿ ಬಗ್ಗಿಸಿದಾಗ ತಟ್ಟೆಗೆ ಬಿದ್ದದ್ದು ಆಯಿಲ್ ಅಲ್ಲ, ಕತ್ತಿ ಮಸೆದ ಕಲ್ಲಿನ ನೀರು. ಬೂದು ಬಣ್ಣ, ತೆಳ್ಳಗೆ, ಬೆರಳಿಗೆ ಹಚ್ಚಿ ಉಜ್ಜಿದರೆ ಲೋಹದ ಪುಡಿ ಮಿನುಗುತ್ತಿತ್ತು. ಮೂಗಿಗೆ ಕೊಳೆತ ಮೀನಿನ ಹಾಗೆ ಹೊಡೆಯಿತು.

15 ಗ್ರೇಡಿನ ಹೊಸ ಆಯಿಲ್, ಎರಡೂ ಕಾಲಿಗೆ ಸಮ ಮಟ್ಟಕ್ಕೆ. ಹೊಸ ಆಯಿಲ್ ಸೀಲು, ಡಸ್ಟ್ ಸೀಲು. ಬಲಗಡೆಯ ಪೈಪಿನ ಮೇಲೆ ಸಾಸಿವೆಯಷ್ಟು ದೊಡ್ಡ ತುಕ್ಕಿನ ಚುಕ್ಕೆ ಎರಡಿತ್ತು. ಕಾರವಾರದ ಉಪ್ಪುಗಾಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಲ್ಲಿಸಿದ್ದರ ಪ್ರಸಾದ. ಅಂಥ ಚುಕ್ಕೆಯ ಚೂಪು ಅಂಚು ಸೀಲನ್ನು ಕೊಯ್ಯುತ್ತದೆ. ನುಣ್ಣನೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅಂಚು ತೆಗೆದ. ಇಲ್ಲಿಯವರೆಗೆ ಸೋರಿಲ್ಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಒಂದು ಕಡೆ ಕಚ್ಚಿಕೊಳ್ಳುತ್ತಿತ್ತು, ಹಾಗಾಗಿ ಕೋನ್‌ಸೆಟ್ಟೂ (ಹ್ಯಾಂಡಲ್ ತಿರುಗುವ ಬೇರಿಂಗು) ಬದಲಾಯಿತು. ಸೀಲು, ಆಯಿಲ್, ಕೋನ್‌ಸೆಟ್, ಎರಡು ದಿನದ ಕೂಲಿ ಎಲ್ಲ ಸೇರಿ 3,700. ನಿಜ ಹೇಳಬೇಕೆಂದರೆ ಇಡೀ ಖರ್ಚಿನಲ್ಲಿ ಹೆಚ್ಚು ಲಾಭ ತಂದದ್ದು ಈ 3,700. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಮುಂದಿನದು ಮಾಡಿಸಿ, ಶಾಕ್ ಆಮೇಲೆ ನೋಡಿ.

ಈಗ ಎಂಟು ತಿಂಗಳು, 6,000 ಕಿ.ಮೀ. ಚಿಲ್ಲರೆ. ಘಟ್ಟದ ತಿರುವಿನಲ್ಲಿ ನಡುವೆ ಹೊಂಡ ಸಿಕ್ಕಿದರೆ ಮೊದಲು ಗಾಡಿ ಹೊರಗೆ ತಳ್ಳಿಕೊಂಡು ಹೋಗುತ್ತಿತ್ತು, ಈಗ ಹಿಡಿದ ಗೆರೆಯಲ್ಲೇ ಹೋಗುತ್ತದೆ. ಹಿಂದೆ ಲಾರಿ ಇದ್ದರೂ ಎದೆ ಡವಗುಟ್ಟುವುದಿಲ್ಲ. ಸ್ಪೀಡು ಹೆಚ್ಚಿಲ್ಲ, ಹೆಚ್ಚಿಸುವ ವಯಸ್ಸೂ ಅಲ್ಲ. ಭುಜ ನೋವು ಹೋಗಿದೆ. ಗಟ್ಟಿಯಾಗಿ ಹಿಡಿದುಕೊಂಡೇ ಓಡಿಸುತ್ತಿದ್ದೆ ಅಂತ ಈಗ ಗೊತ್ತಾಯಿತು.

ಎಲ್ಲ ಸರಿ ಅಂತಲೂ ಅಲ್ಲ. ಫೋರ್ಕಿಗೆ ದಪ್ಪ ಆಯಿಲ್ ಹಾಕಿದ್ದರಿಂದ ಅಘನಾಶಿನಿ, ಗಂಗಾವಳಿ ಸೇತುವೆಗಳ ಜಾಯಿಂಟ್ ದಾಟುವಾಗ ಟಕ್ ಟಕ್ ಅಂತ ಮಣಿಕಟ್ಟಿಗೆ ಬಡಿಯುತ್ತದೆ. ಮುಂದಿನ ಸಲ 10 ಗ್ರೇಡ್ ಹಾಕಿಸಿ ನೋಡುವ ವಿಚಾರ ಇದೆ. ಇಬ್ಬರ ತೂಕಕ್ಕೆ ಹೊಂದಿಸಿದ್ದರಿಂದ ನಾನೊಬ್ಬನೇ ಸೊಸೈಟಿಗೆ ಹೋಗುವ ದಿನ ಹಿಂದೆ ಸ್ವಲ್ಪ ಗಟ್ಟಿ. ಎರಡು ಸುತ್ತು ಸಡಿಲ ಮಾಡಬಹುದು, ಆದರೆ ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕೂರುವವರು ಯಾರು? ಹಿಂಭಾಗ ಮೊದಲಿಗಿಂತ ಎತ್ತರ ನಿಲ್ಲುವುದರಿಂದ ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಮಳೆಗಾಲದ ಮೆತ್ತನೆ ಅಂಗಳದಲ್ಲಿ ಸ್ಟ್ಯಾಂಡಿನ ಕೆಳಗೆ ಅಡಿಕೆ ದಬ್ಬೆಯ ತುಂಡು ಇಡುತ್ತೇನೆ.

ಕಳೆದ ತಿಂಗಳು ಕಾರವಾರಕ್ಕೆ ಹೋಗಿ ಬಂದೆವು, ಇಬ್ಬರೂ ಬೈಕಿನಲ್ಲೇ. ಬ್ಯಾಗಿನಲ್ಲಿ ಜೋನಿಬೆಲ್ಲ ಇತ್ತು. ಈ ಸಲ ಡಬ್ಬಿಗೆ ಅವಳು ಎರಡು ಪ್ಲಾಸ್ಟಿಕ್ ಸುತ್ತಿದ್ದಳು, ಹಾಗಾಗಿ ಬೆಲ್ಲ ಚೆಲ್ಲದ್ದಕ್ಕೆ ಶಾಕ್ ಕಾರಣವೋ ಪ್ಲಾಸ್ಟಿಕ್ ಕಾರಣವೋ ಅಂತ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ. ಇಳಿದ ಮೇಲೆ ಹೇಗಾಯಿತು ಅಂತ ಕೇಳಿದೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ಒಂದು ನಿಮಿಷ ನಿಂತು, "ಅಡ್ಡಿಲ್ಲೆ" ಅಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರೂ ಕೊಡುವುದಿಲ್ಲ.

ಹಳೇ ಜೋಡಿ ಮೆತ್ತಿನ ಮೇಲೆ ಬಿದ್ದಿದೆ. ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅದರ ಸ್ಪ್ರಿಂಗುಗಳನ್ನು ಭಾವ ಆಗಲೇ ಬುಕ್ ಮಾಡಿದ್ದಾನೆ, ತೋಟದ ಗೇಟಿಗಂತೆ.