ದೋಣಿಯ ಸ್ಟೇರಿಂಗಿಗೆ ಬ್ರೇಕ್ ಆಯಿಲ್ ಹಾಕುವವರಿದ್ದಾರೆ, ಎಚ್ಚರ

ಕಾರವಾರ, ಅಂಕೋಲಾ, ತದಡಿ ಕಡೆ ಔಟ್‌ಬೋರ್ಡ್ (ಹಿಂಬದಿಗೆ ಹೊರಗೆ ಕೂರಿಸುವ) ಇಂಜಿನ್ನಿನ ಫೈಬರ್ ದೋಣಿ ಇಟ್ಟುಕೊಂಡವರು ಕೇಬಲ್ ಸ್ಟೇರಿಂಗ್ ತೆಗೆಸಿ ಹೈಡ್ರಾಲಿಕ್ (ಆಯಿಲಿನ ಒತ್ತಡದಿಂದ ಇಂಜಿನ್ ತಿರುಗಿಸುವ) ಸ್ಟೇರಿಂಗ್ ಕಿಟ್ ಕೂರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಕಿಟ್ ಕೆಟ್ಟದ್ದಲ್ಲ. ಅದನ್ನು ಕೂರಿಸುವ ಕೈ ಯಾರದು ಎಂಬುದನ್ನು ನೋಡಿಕೊಳ್ಳಿ.

ನಮ್ಮದು 60 ಎಚ್‌ಪಿ ಇಂಜಿನ್. ಕೇಬಲ್ಲಿನ ತುದಿಯ ಕಬ್ಬಿಣದ ಕೋಲು ಇಂಜಿನ್ ಮೇಲೆತ್ತುವಾಗ ಅದು ತಿರುಗುವ ಅಡ್ಡ ಕೊಳವೆಯೊಳಗೆ ಉಪ್ಪುನೀರಿಗೆ ತುಕ್ಕು ಹಿಡಿದು, ಚಕ್ರ ತಿರುಗಿಸಲು ಎರಡು ಕೈ ಬೇಕಾಗುತ್ತಿತ್ತು. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಹೊತ್ತಿಗೆ ಎಲ್ಲರ ದೋಣಿಯೂ ರಿಪೇರಿಗೆ ಬರುವುದರಿಂದ ಗೊತ್ತಿದ್ದ ಮೆಕ್ಯಾನಿಕ್‌ಗಳು ಸಿಗಲಿಲ್ಲ. ಹೈಡ್ರಾಲಿಕ್ ಕಿಟ್ ಕೂರಿಸಲು ಹೊರಗಿನಿಂದ ಒಬ್ಬ ಬಂದ. ಟೆಂಪೊ, ಲಾರಿ ಬ್ರೇಕ್ ಕೆಲಸದಲ್ಲಿ ಪಳಗಿದವನಂತೆ.

ಪೈಪು ಜೋಡಿಸುವ ತಿರುಪಿನ ಮರೆಗಳಿಗೆಲ್ಲ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿದ. ಕಿಟ್ಟಿನ ಜೊತೆ ಬಂದ ಆಯಿಲ್ ಸಾಲದಾದಾಗ ಬ್ರೇಕ್ ಆಯಿಲ್ ಸುರಿದ. ‘ಇದೇ ಆಯಿಲ್ ಬೇಕು ಅಂತ ಬರೆದಿದ್ದಾರಲ್ಲ’ ಎಂದು ಕೇಳಿದೆ. ‘ಎಂತ ಆಗುದಿಲ್ಲ ಅಣ್ಣ, ಎರಡೂ ಒತ್ತಡದ ಆಯಿಲೇ’ ಎಂದ. ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸವನ್ನೂ ಅವಸರದಲ್ಲೇ ಮುಗಿಸಿದ.

ಮೊದಮೊದಲು ಚಕ್ರ ಒಂದೇ ಬೆರಳಿಗೆ ತಿರುಗುತ್ತಿತ್ತು. ಆಮೇಲೆ ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಲು ಮೊದಲಿಗಿಂತ ಹೆಚ್ಚು ಸುತ್ತು ಬೇಕಾಯಿತು. ತುದಿಗೆ ಹೋದ ಮೇಲೂ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು. ಅವನಿಗೆ ಫೋನ್ ಮಾಡಿದರೆ ‘ಹೊಸದಲ್ಲವಾ, ಸೆಟ್ ಆಗ್ತದೆ’ ಎಂಬ ಉತ್ತರ.

ಸ್ಟೇರಿಂಗ್ ಕೈ ಕೊಟ್ಟದ್ದು ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ. ಇಳಿತದ ನೀರು ಹೊರಗೆ ನುಗ್ಗುತ್ತಿತ್ತು, ಎದುರಿಗೆ ಪಡುವಣ ಗಾಳಿ. ಅಂಥ ಹೊತ್ತಿನಲ್ಲಿ ಅಲ್ಲಿ ತೆರೆ ಹೇಗೆ ಏಳುತ್ತದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಚಕ್ರ ಬರಿದೇ ತಿರುಗಿತು. ಇಂಜಿನ್ ತನ್ನಷ್ಟಕ್ಕೆ ಒಂದು ಕಡೆಗೆ ಹೊರಳಿ, ದೋಣಿ ತೆರೆಗೆ ಅಡ್ಡವಾಯಿತು. ತಮ್ಮ ಹಿಂದಕ್ಕೆ ಓಡಿ ಇಂಜಿನ್ನನ್ನೇ ಎರಡೂ ಕೈಯಲ್ಲಿ ನೂಕಿ ಹಿಡಿದ. ನಾನು ಥ್ರಾಟಲ್ ಇಳಿಸಿದೆ. ಹಾಗೇ ದೇವಬಾಗದ ದಂಡೆ ಸೇರಿದೆವು. ಇದೇ ಕಡಲಲ್ಲಿ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅಲ್ಲಿನ ಕಾರಣ ಬೇರೆ. ಆದರೆ ಆ ನೀರಿನಲ್ಲಿ ಅಡ್ಡಬಿದ್ದ ದೋಣಿಯಲ್ಲಿ ನಿಂತವನಿಗೆ ಅದು ನೆನಪಾಗದೆ ಇರುವುದಿಲ್ಲ.

ಬಿಚ್ಚಿಸಿದಾಗ ಎಲ್ಲ ಗೊತ್ತಾಯಿತು. ಆಯಿಲ್ ಸೋರದಂತೆ ತಡೆಯುವ ಈ ಕಿಟ್ಟಿನ ಸೀಲುಗಳು ಖನಿಜ ತೈಲಕ್ಕೆಂದೇ ಮಾಡಿದ ರಬ್ಬರು. ಬ್ರೇಕ್ ಆಯಿಲಿನಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ತಾಗಿ ಅವು ಉಬ್ಬಿ, ಇಂಜಿನ್ನನ್ನು ನೂಕಿ ತಿರುಗಿಸುವ ಸಿಲಿಂಡರಿನ ಕೋಲಿನ ಪಕ್ಕದಿಂದ ಆಯಿಲ್ ಸೋರಿಹೋಗಿತ್ತು. ಚಕ್ರದ ಹಿಂದಿನ ಪಂಪಿನಲ್ಲಿ, ಇಂಜಿನ್ ತನ್ನಷ್ಟಕ್ಕೆ ಹೊರಳದಂತೆ ತಡೆಯುವ ಕವಾಟವಿದೆ. ಟೇಪಿನ ಚೂರು ಅದರೊಳಗೆ ಸಿಕ್ಕಿ ಕವಾಟ ಪೂರ್ತಿ ಮುಚ್ಚುತ್ತಿರಲಿಲ್ಲ. ಕಿಟ್ ಮಾರಿದವರು ಬ್ರೇಕ್ ಆಯಿಲ್ ಎಂದು ಕೇಳಿದ್ದೇ ತಡ, ವಾರಂಟಿ ಇಲ್ಲ ಎಂದರು. ಕೂರಿಸಿದವನು ಫೋನ್ ಎತ್ತುವುದನ್ನೇ ಬಿಟ್ಟ. ನನಗೆ ಸಿಟ್ಟು ಇವತ್ತಿಗೂ ಇಳಿದಿಲ್ಲ. ದುಡ್ಡಿಗಿಂತ ಹೆಚ್ಚು ತಮ್ಮನ ಜೀವದ ವಿಚಾರಕ್ಕೆ.

ಕೇಬಲ್ ಕೆಡುವ ಮುಂಚೆ ದಿನದಿನಕ್ಕೆ ಬಿಗಿಯಾಗುತ್ತ ಹೋಗುತ್ತದೆ, ಕೈಗೇ ಗೊತ್ತಾಗುತ್ತದೆ. ಹೈಡ್ರಾಲಿಕ್ ಸ್ಟೇರಿಂಗ್ ಆಯಿಲ್ ಕಳೆದುಕೊಳ್ಳುವಾಗ ಇನ್ನಷ್ಟು ಹಗುರಾಗುತ್ತದೆ. ಹಗುರಾದದ್ದನ್ನು ಯಾರೂ ದೂರುವುದಿಲ್ಲ, ಅಪಾಯ ಅಲ್ಲೇ ಇದೆ.

ಕೆಲಸ ಮಾಡಿಸುವಾಗ ಎದುರಿಗೇ ನಿಲ್ಲಿ. ಮರೆಗೆ ಟೇಪ್ ಬೇಡ, ತಯಾರಕರು ಹೇಳಿದ ದ್ರವದ ಸೀಲಂಟ್ (ಸೋರದಂತೆ ಹಚ್ಚುವ ಅಂಟು) ಮಾತ್ರ. ಆಯಿಲ್ ಕೈಪಿಡಿಯಲ್ಲಿ ಬರೆದದ್ದೇ ಆಗಬೇಕು, ಸಾಮಾನ್ಯವಾಗಿ ಐಎಸ್‌ಒ ವಿಜಿ 15 (ಆಯಿಲಿನ ಮಂದತೆಯ ಅಳತೆ) ದರ್ಜೆಯದು. ಊರಲ್ಲಿ ಸಿಗದಿದ್ದರೆ ತರಿಸುವವರೆಗೆ ಕಾಯಿರಿ. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬ ಚಕ್ರ ತಿರುಗಿಸುತ್ತಾನೆ, ಇನ್ನೊಬ್ಬ ಸಿಲಿಂಡರಿನ ಬಳಿ ಗುಳ್ಳೆ ನಿಲ್ಲುವುದನ್ನು ನೋಡುತ್ತಾನೆ. ಎರಡೂ ತುದಿಯಲ್ಲಿ ಚಕ್ರ ಗಟ್ಟಿಯಾಗಿ ನಿಲ್ಲದಿದ್ದರೆ ಒಳಗಿನ್ನೂ ಗಾಳಿಯಿದೆ. ನಾವು ಮರಳಿಗೆ ಹತ್ತಿಸುವಾಗೆಲ್ಲ ಇಂಜಿನ್ ಎತ್ತುವವರು. ಆದ್ದರಿಂದ ಪೂರ್ತಿ ಎತ್ತಿ, ಎರಡೂ ಬದಿಗೆ ತಿರುಗಿಸಿ, ಪೈಪು ಎಲ್ಲೂ ಮಡಚುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿಯೇ ದುಡ್ಡು ಕೊಡಿ. ಕಿಟ್ ಎಷ್ಟು ಎಚ್‌ಪಿಯವರೆಗೆ ಎಂಬುದನ್ನೂ ಓದಿ. ನನ್ನನ್ನು ಕೇಳಿದರೆ, 60 ಎಚ್‌ಪಿಯವರೆಗಿನ ಒಂದೇ ಇಂಜಿನ್ನಿಗೆ ಹೊಸ ಕೇಬಲ್ ಮತ್ತು ಕೊಳವೆಗೆ ತಪ್ಪದೆ ಗ್ರೀಸ್ ಧಾರಾಳ ಸಾಕು.

ಈಗಾಗಲೇ ಯಾರಾದರೂ ನಿಮ್ಮ ಸ್ಟೇರಿಂಗಿಗೆ ಬ್ರೇಕ್ ಆಯಿಲ್ ಹಾಕಿದ್ದರೆ ದೋಣಿ ನೀರಿಗಿಳಿಸಬೇಡಿ. ಅದನ್ನು ಬರಿದು ಮಾಡಿ ಸರಿಯಾದದ್ದು ತುಂಬಿಸಿದರೆ ಸಾಲದು. ಪೂರ್ತಿ ತೊಳೆಸಿ, ಪಂಪು ಮತ್ತು ಸಿಲಿಂಡರಿನ ಸೀಲು ಬದಲಾಯಿಸಬೇಕು.